ರಸ್ತೆಯ ಹಣವೂ ರಸ್ತೆಯ ಫಲವೂ

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ಪೌರನೀತಿಯ ತಾಸಿನಲ್ಲಿ ಸರಕಾರದ ಮುಂಗಡಪತ್ರವೆಂದರೇನು ಎಂಬುದನ್ನು ವಿವರಿಸುತ್ತಿದ್ದೆನು. ಕೃಷಿಗೆ ಇಷ್ಟು, ಶಿಕ್ಷಣಕ್ಕೆ ಇಷ್ಟು, ರಸ್ತೆಗಳಿಗೂ ಸಾರಿಗೆಗೂ ಇಷ್ಟು ಎಂದು ಫಳಿಯ ಮೇಲೆ ಬರೆದು ತೋರಿಸುತ್ತಿರುವಾಗ ಹಿಂದಿನ ಬಾಕಿನಲ್ಲಿದ್ದ ಹುಡುಗನೊಬ್ಬನು ಎದ್ದು ನಿಂತು, "ಗುರುಗಳೇ, ರೊಕ್ಕ ಖರ್ಚ ಆದ್ರ ಕೆಲಸ ಆದ್ಹಂಗ ಏನ್ರಿ?" ಎಂದು ಕೇಳಿದನು. ವರ್ಗದಲ್ಲಿ ನಗೆ ಎದ್ದಿತು. ಆದರೆ ಆ ದಿನ ಅವನು ಶಾಲೆಗೆ ಎರಡನೆಯ ತಾಸಿಗೆ ಬಂದಿದ್ದನು. ಅವನ ಊರಿನ ದಾರಿ ಕೆಸರಾಗಿ ಬಸ್ಸು ಅರ್ಧದಲ್ಲಿಯೇ ನಿಂತುದರಿಂದ ಉಳಿದ ದಾರಿಯನ್ನು ನಡೆದು ಬಂದಿದ್ದನು. ಆದುದರಿಂದ ನನಗೆ ನಗೆ ಬರಲಿಲ್ಲ. ಘಂಟೆ ಬಾರಿಸುವುದಕ್ಕೆ ಐದು ನಿಮಿಷಗಳಷ್ಟೇ ಉಳಿದಿದ್ದವು. ಅಷ್ಟರಲ್ಲಿ ಕೊಟ್ಟ ಉತ್ತರ ನನಗೇ ಸಾಲದೆ ಹೋಯಿತು. ಆ ಉತ್ತರವನ್ನು ಪೂರ್ತಿಗೊಳಿಸುವದೇ ಈ ಲೇಖನದ ಉದ್ದೇಶ.

ನಮ್ಮ ಪಾಲಕರಲ್ಲಿ ಬಹುಜನರು ಒಕ್ಕಲಿಗರು. ಅವರಿಗೆ ಈ ಮಾತನ್ನು ಹೊಲದ ಲೆಕ್ಕದಲ್ಲಿ ಹೇಳುವದು ಸುಲಭ. ಬೀಜಕ್ಕೂ ಗೊಬ್ಬರಕ್ಕೂ ಕೊಟ್ಟ ಹಣ ಒಂದು. ಬಿತ್ತಿದ ಎಕರೆಗಳು ಇನ್ನೊಂದು. ಕಣಕ್ಕೆ ಬಂದ ಜೋಳ ಮೂರನೆಯದು. ಹಣ ಕೊಟ್ಟ ಮಾತ್ರಕ್ಕೆ ಬಿತ್ತಿಗೆಯಾಗಲಿಲ್ಲ, ಬಿತ್ತಿದ ಮಾತ್ರಕ್ಕೆ ರಾಶಿಯಾಗಲಿಲ್ಲ. ಸರಕಾರದ ರಸ್ತೆಯ ಕೆಲಸದಲ್ಲಿಯೂ ಇವೇ ಮೂರು ಮೆಟ್ಟಿಲುಗಳುಂಟು. ಮಂಜೂರಾದ ಹಣವು ವೆಚ್ಚ. ಹಾಕಿದ ಡಾಂಬರು, ಓಡಿಸಿದ ಬಸ್ಸು ಇವು ಕೆಲಸ. ಆ ರಸ್ತೆಯಿಂದ ಆ ಬಸ್ಸಿನಿಂದ ಹುಡುಗಿಯು ಪ್ರಾರ್ಥನೆಯ ಹೊತ್ತಿಗೆ ಶಾಲೆಯನ್ನು ಮುಟ್ಟುವದು, ಬಾಣಂತಿಯು ದವಾಖಾನೆಯನ್ನು ಮುಟ್ಟುವದು, ಕಾಯಿಪಲ್ಲೆ ಬಾಡುವ ಮುನ್ನ ಸಂತೆಯನ್ನು ಮುಟ್ಟುವದು ಇವು ಫಲ. ಬಹುಕಾಲದ ವರೆಗೆ ಮುಂಗಡಪತ್ರಗಳು ಮೊದಲನೆಯ ಮೆಟ್ಟಿಲನ್ನು ಮಾತ್ರ ಎಣಿಸುತ್ತಿದ್ದವು. ಸಂಬಳಕ್ಕೆ ಎಷ್ಟು, ಖಡಿಗೆ ಎಷ್ಟು, ಪ್ರವಾಸಭತ್ಯೆಗೆ ಎಷ್ಟು ಎಂಬುದು ಬರೆದಿರುತ್ತಿತ್ತು. ಇಷ್ಟೆಲ್ಲದರಿಂದ ಏನಾಯಿತು ಎಂಬ ಪ್ರಶ್ನೆಗೆ ಅದರಲ್ಲಿ ಅಂಕಣವೇ ಇರಲಿಲ್ಲ.

ಹಾಗೆಂದು ಹಿಂದಿನವರು ಫಲವನ್ನು ಕುರಿತು ಯೋಚಿಸಲೇ ಇಲ್ಲವೆನ್ನುವಂತಿಲ್ಲ. ಸನ್ 1943ರಲ್ಲಿ ನಾಗಪುರದಲ್ಲಿ ದೇಶದ ಪ್ರಮುಖ ಎಂಜಿನಿಯರರು ಸೇರಿ ಒಂದು ರಸ್ತೆಯೋಜನೆಯನ್ನು ಸಿದ್ಧಪಡಿಸಿದರು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾರಸ್ತೆ, ಹಳ್ಳಿಯ ರಸ್ತೆ ಎಂಬ ವರ್ಗೀಕರಣವು ಅಲ್ಲಿಂದಲೇ ಬಂದದ್ದು. ಬೇಸಾಯವು ಬೆಳೆದ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದು ಎಂಬುದು ಅದರ ಗುರಿಗಳಲ್ಲೊಂದು. ಮುಂದೆ 1961ರಿಂದ 1981ರ ವರೆಗಿನ ಇಪ್ಪತ್ತು ವರ್ಷಗಳ ಯೋಜನೆಯಲ್ಲಿ ಅದೇ ಗುರಿಯನ್ನು ಬಿಗಿಗೊಳಿಸಿ, ಗಟ್ಟಿರಸ್ತೆಯು 4 ಮೈಲಿಯೊಳಗೆ, ಯಾವುದಾದರೊಂದು ರಸ್ತೆಯು ಒಂದೂವರೆ ಮೈಲಿಯೊಳಗೆ ಇರಬೇಕೆಂದರು. ಇಲ್ಲಿ ಅಳತೆಯ ಕೋಲನ್ನು ಇಟ್ಟದ್ದು ಕಚೇರಿಯ ಬಾಗಿಲಿನಿಂದಲ್ಲ, ಹಳ್ಳಿಯವನ ಮನೆಯ ಬಾಗಿಲಿನಿಂದ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವಿಚಾರ. ಆದರೆ ಗುರಿಯೊಂದು ಕಡೆ, ಪ್ರತಿವರ್ಷದ ಹಣವೊಂದು ಕಡೆ ಉಳಿದವು. ಗುರಿ ತಪ್ಪಿದರೆ ಹಣವನ್ನು ಕೇಳುವವರಿರಲಿಲ್ಲ.

ಇವೆರಡನ್ನೂ ಗಂಟುಹಾಕಬೇಕೆಂಬ ವಿಚಾರವು ಅಮೇರಿಕೆಯಲ್ಲಿ 1949ರ ಹೂವರ್ ಆಯೋಗದ ವರದಿಯಿಂದ ಪ್ರಸಿದ್ಧಿಗೆ ಬಂದಿತು. ನಮ್ಮ ದೇಶದಲ್ಲಿ ಇದನ್ನು ಗಟ್ಟಿಯಾಗಿ ಶಿಫಾರಸು ಮಾಡಿದ್ದು 1968ರಲ್ಲಿ, ಆಡಳಿತ ಸುಧಾರಣಾ ಆಯೋಗ. ಆಗ ಅದರ ಅಧ್ಯಕ್ಷರಾಗಿದ್ದವರು ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ, ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ವಿಧಾನಸೌಧದ ಕಲ್ಲುಕಂಬಗಳನ್ನು ಕಂಡವರು ಅವರನ್ನು ನೆನೆಯುತ್ತಾರೆ. ಸರಕಾರದ ಲೆಕ್ಕಪುಸ್ತಕದಲ್ಲಿ ಕಾರ್ಯಸಾಧನೆಗೂ ಒಂದು ಅಂಕಣ ಬೇಕೆಂದು ಹೇಳಿದ ಆಯೋಗದ ಹಿರಿಯರೂ ಅವರೇ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಆ ವರ್ಷದಿಂದಲೇ ಕೇಂದ್ರದ ಕೆಲವು ಸಚಿವಾಲಯಗಳು ಅಂಥ ಮುಂಗಡಪತ್ರವನ್ನು ಬರೆಯತೊಡಗಿದವು. ಸನ್ 2005ರಲ್ಲಿ ಕೇಂದ್ರದ ಅರ್ಥಮಂತ್ರಿಗಳು 'ಫಲಿತಾಂಶದ ಮುಂಗಡಪತ್ರ'ವೆಂಬ ಪ್ರತ್ಯೇಕ ಪುಸ್ತಕವನ್ನೇ ಸಂಸತ್ತಿನ ಮುಂದೆ ಇಟ್ಟರು. ಸನ್ 2017–18ರಿಂದ ಪ್ರತಿಯೊಂದು ದೊಡ್ಡ ಯೋಜನೆಗೂ ವೆಚ್ಚ, ಕೆಲಸ, ಫಲ ಎಂಬ ಮೂರು ಅಂಕಣಗಳ ಪಟ್ಟಿ ಬಂದಿತು. ಅದೇ ವರ್ಷ, 1924ರಿಂದ ಬೇರೆಯಾಗಿಯೇ ಮಂಡಿಸಲ್ಪಡುತ್ತಿದ್ದ ರೈಲ್ವೆ ಮುಂಗಡಪತ್ರವು ಸಾಮಾನ್ಯ ಮುಂಗಡಪತ್ರದಲ್ಲಿ ಸೇರಿಹೋಯಿತು.

ಪುಸ್ತಕದಲ್ಲಿ ಅಂಕಣ ಬರೆದ ಮಾತ್ರಕ್ಕೆ ಕೆಸರು ಒಣಗಲಿಲ್ಲವಲ್ಲ ಎಂದು ಪಾಲಕರು ಕೇಳಬಹುದು. ಸರಿ. ಹಣವು ಫಲಕ್ಕೆ ಕಟ್ಟುಬಿದ್ದಾಗ ಏನಾಗುತ್ತದೆ ಎಂಬುದನ್ನು ನೋಡಲು ನಮ್ಮ ಹೊಲಗಳ ನಡುವಿನ ರಸ್ತೆಗಳೇ ಸಾಕು.

ಸನ್ 2000ದ ಡಿಸೆಂಬರ 25ರಂದು ಪ್ರಧಾನಮಂತ್ರಿ ಗ್ರಾಮಸಡಕ ಯೋಜನೆಯು ಆರಂಭವಾಯಿತು. ಬಯಲುನಾಡಿನಲ್ಲಿ 500ಕ್ಕೂ ಹೆಚ್ಚು ಜನರಿದ್ದು ರಸ್ತೆಯಿಲ್ಲದ ವಸತಿಗಳಿಗೆ, ಗುಡ್ಡಗಾಡು ಮರುಭೂಮಿ ಮೊದಲಾದ ಕಡೆಗೆ 250 ಜನರಿದ್ದ ವಸತಿಗಳಿಗೆ ಎಲ್ಲ ಋತುಗಳಲ್ಲಿಯೂ ನಡೆಯುವ ರಸ್ತೆಯನ್ನು ಮುಟ್ಟಿಸುವದು ಅದರ ಗುರಿ. 'ಎಲ್ಲ ಋತುಗಳಲ್ಲಿಯೂ' ಎಂಬ ಮಾತನ್ನು ಗಮನಿಸಿರಿ. ನಮ್ಮ ಸೀಮೆಯ ಎರೆಭೂಮಿಯ ಗುಣವು ಎಲ್ಲರಿಗೂ ಗೊತ್ತು. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಅದರ ಮೇಲೆ ತೆಳ್ಳಗೆ ಡಾಂಬರು ಬಳಿದರೆ ಉದ್ಘಾಟನೆಯ ದಿನ ಕನ್ನಡಿಯಂತೆ ಕಾಣುತ್ತದೆ. ಎರಡು ಮಳೆಗಾಲ ಕಳೆದರೆ ಹಪ್ಪಳದಂತೆ ಏಳುತ್ತದೆ. ರಸ್ತೆಯನ್ನು ಕೆಡಿಸುವದು ಮುಖ್ಯವಾಗಿ ನೀರು. ಅಕ್ಕಪಕ್ಕದ ಗಟಾರವು ಹೂಳಿದ್ದರೆ ನೀರು ಡಾಂಬರಿನ ಕೆಳಗೆ ಇಳಿದು ತಳವನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಕಬ್ಬು ಹೇರಿದ ಎರಡು ಟ್ರೇಲರುಗಳ ಟ್ರ್ಯಾಕ್ಟರು ಒಂದು ಸಲ ಹೋದರೆ ತೀರಿತು. (ಕಬ್ಬಿನ ಹೇರು ಮಿತಿಮೀರುವದು ಯಾರ ತಪ್ಪು ಎಂಬುದನ್ನು ನಾನು ಇಲ್ಲಿ ಎತ್ತುವದಿಲ್ಲ, ಪಾಲಕರ ಸಭೆಯಲ್ಲಿ ಎತ್ತಿದಾಗ ಇಬ್ಬರು ಎದ್ದುಹೋದರು.)

ಹಿಂದಿನ ಪದ್ಧತಿಯಲ್ಲಿ ಕಂತ್ರಾಟದಾರನಿಗೆ ರಸ್ತೆ ಮುಗಿದೊಡನೆ ಬಿಲ್ಲು ಸಂದಾಯವಾಗುತ್ತಿತ್ತು. ಗಟಾರವು ತೋಡಿದೆಯೋ ಇಲ್ಲವೋ ಎಂಬುದು ಅವನ ಪಾಲಿಗೆ ಮುಂದಿನ ವರ್ಷದ ಮಾತು, ಅಂದರೆ ಅವನ ಮಾತಲ್ಲ. ಗ್ರಾಮಸಡಕ ಯೋಜನೆಯಲ್ಲಿ ಮಾಡಿದ ಬದಲಾವಣೆಯೆಂದರೆ, ಕಟ್ಟಿದವನೇ ಐದು ವರ್ಷಗಳ ವರೆಗೆ ಆ ರಸ್ತೆಯ ದುರಸ್ತಿಯನ್ನೂ ಮಾಡಬೇಕೆಂದು ಮೊದಲ ಕರಾರಿನಲ್ಲಿಯೇ ಬರೆಸಿಕೊಳ್ಳುವದು. ಈಚೆಗೆ ಈ ದುರಸ್ತಿಯ ಹಣವನ್ನು ರಸ್ತೆಯ ಸ್ಥಿತಿಗೆ ಕಟ್ಟಿಹಾಕಲಾಗಿದೆ. ಅಧಿಕಾರಿಯು ಹೋಗಿ ಕುಣಿಗಳು ಮುಚ್ಚಿವೆಯೇ, ಅಂಚುಗಳು ಗಟ್ಟಿಯಾಗಿವೆಯೇ, ಗಟಾರದಲ್ಲಿ ನೀರು ಹರಿಯುತ್ತದೆಯೇ ಎಂದು ನೋಡಿ ಛಾಯಾಚಿತ್ರಗಳೊಡನೆ ಗುಣ ಹಾಕಬೇಕು. ಗುಣ ಕಡಿಮೆಯಾದರೆ ಹಣ ಕಡಿಮೆ. ಇದರಿಂದ ಲೆಕ್ಕಾಚಾರವೇ ತಿರುಗುತ್ತದೆ. ಐದು ವರ್ಷ ಕುಣಿ ತುಂಬುವ ಹೊಣೆ ತನ್ನ ಮೇಲಿದೆಯೆಂದು ಬಲ್ಲವನು ಮೊದಲ ದಿನವೇ ತಳವನ್ನು ಸರಿಯಾಗಿ ಹೊಡೆಸುತ್ತಾನೆ. ಏಕೆಂದರೆ ಆಗ ಒಳ್ಳೆಯ ಕೆಲಸವೇ ಅಗ್ಗ. ಮಹಾರಾಷ್ಟ್ರ ಸರಕಾರವು 2015ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಗ್ರಾಮಸಡಕ ಯೋಜನೆಯಲ್ಲಿಯೂ ಐದು ವರ್ಷಗಳ ದುರಸ್ತಿಯ ಈ ಕರಾರು ಉಂಟು.

ಇಂಥ ರಸ್ತೆಯ ಬದಿಗೆ ಒಂದು ಫಲಕವಿರುತ್ತದೆ. ರಸ್ತೆಯ ಹೆಸರು, ಉದ್ದ, ವೆಚ್ಚ, ಕಂತ್ರಾಟದಾರನ ಹೆಸರು, ಕೆಲಸ ಮುಗಿದ ತಾರೀಖು, ದುರಸ್ತಿಗೆ ಇಟ್ಟ ಹಣ ಇವೆಲ್ಲ ಅದರ ಮೇಲಿರಬೇಕು. ವಿದ್ಯಾರ್ಥಿಮಿತ್ರರೇ, ನೀವು ದಿನವೂ ಆ ಫಲಕದ ಮೇಲೆ ಚೀಲ ತೂಗುಹಾಕಿ ಬಸ್ಸಿನ ದಾರಿ ಕಾಯುತ್ತೀರಿ. ಒಮ್ಮೆ ಅದನ್ನು ಓದಿರಿ. ಮುಗಿದ ತಾರೀಖಿಗೆ ಐದು ವರ್ಷಗಳನ್ನು ಕೂಡಿಸಿರಿ. ಆ ಅವಧಿಯೊಳಗೆ ಬಿದ್ದ ಕುಣಿಗೆ ಹಣವು ಮೊದಲೇ ಗೊತ್ತಾಗಿರುತ್ತದೆ, ಮುಚ್ಚುವವನ ಹೆಸರೂ ನಿಮ್ಮ ಎದುರಿಗೇ ಇರುತ್ತದೆ. ಪಾಲಕರ ಮೊಬೈಲಿನಲ್ಲಿ 'ಮೇರಿ ಸಡಕ್' ಎಂಬ ಸರಕಾರಿ ಆ್ಯಪು 2015ರಿಂದ ದೊರೆಯುತ್ತದೆ. ಅದರಲ್ಲಿ ಕುಣಿಯ ಛಾಯಾಚಿತ್ರವನ್ನು ಕಳಿಸಿ ದೂರು ಕೊಡಬಹುದು.

ರಸ್ತೆಯ ಮಾತು ಇಷ್ಟು ಸರಳವಾಯಿತು. ಬಸ್ಸಿನ ಮಾತು ಹೀಗಿಲ್ಲ. ರಸ್ತೆಯು ಒಂದು ಕಡೆಗೆ ಬಿದ್ದುಕೊಂಡಿರುತ್ತದೆ, ಹೋಗಿ ಅಳೆಯಬಹುದು. ಬಸ್ಸಿನ ಫಲವನ್ನು ಯಾವುದರಿಂದ ಅಳೆಯಬೇಕು?

ಸಾರಿಗೆ ಸಂಸ್ಥೆಗಳು ತಮ್ಮ ಕೆಲಸವನ್ನು ಅಳೆಯುವ ಕೋಲುಗಳು ಹಲವು: ಒಂದು ಕಿಲೋಮೀಟರಿಗೆ ಬಂದ ಉತ್ಪನ್ನ, ಅಷ್ಟಕ್ಕೇ ತಗಲಿದ ಖರ್ಚು, ಒಂದು ಲೀಟರು ಡಿಸೇಲಿಗೆ ಓಡಿದ ದೂರ, ಹತ್ತು ಸಾವಿರ ಕಿಲೋಮೀಟರಿಗೆ ಕೆಟ್ಟುನಿಂತ ಸಲಗಳು, ತುಂಬಿದ ಆಸನಗಳ ಶೇಕಡಾ ಪ್ರಮಾಣ. ಇವೆಲ್ಲ ಬೇಕಾದವುಗಳೇ. ಆದರೆ ಇವುಗಳಲ್ಲಿ ಒಂದನ್ನೇ ಹಿಡಿದು ಹಣವನ್ನು ಅದಕ್ಕೆ ಕಟ್ಟಿದರೆ ಏನಾಗುವದೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಎಂಟನೆಯ ಇಯತ್ತೆಯವರೂ ಮಾಡಬಹುದಾದ ಲೆಕ್ಕವಿದು.

ಹೆದ್ದಾರಿಯ ಬಸ್ಸೊಂದು ದಿನಕ್ಕೆ 300 ಕಿಲೋಮೀಟರು ಓಡಿ 15,000 ರೂಪಾಯಿ ತರುತ್ತದೆ. ಹಳ್ಳಿಯ ಬಸ್ಸೊಂದು 100 ಕಿಲೋಮೀಟರು ಓಡಿ 3,500 ರೂಪಾಯಿ ತರುತ್ತದೆ. ಎರಡಕ್ಕೂ ಕಿಲೋಮೀಟರಿಗೆ 45 ರೂಪಾಯಿ ಖರ್ಚು. ಮೊದಲನೆಯದರ ಉತ್ಪನ್ನ ಕಿಲೋಮೀಟರಿಗೆ 50, ದಿನದ ಲಾಭ 1,500. ಎರಡನೆಯದರ ಉತ್ಪನ್ನ 35, ದಿನದ ಹಾನಿ 1,000. ಯಾವುದನ್ನು ನಿಲ್ಲಿಸಬೇಕು? ಕಾಗದದ ಮೇಲೆ ಉತ್ತರವು ಸ್ಪಷ್ಟವಾಗಿದೆ. ಆದರೆ ಹಳ್ಳಿಯ ಬಸ್ಸಿನಲ್ಲಿ 40 ವಿದ್ಯಾರ್ಥಿಗಳು ಪಾಸಿನ ಮೇಲೆ ಹೋಗಿಬರುತ್ತಾರೆಂದು ಹಿಡಿಯಿರಿ. ಒಂದು ಸಲದ ಪೂರ್ಣ ದರ 24 ರೂಪಾಯಿ. ಹೋಗಿಬರುವದಕ್ಕೆ ಎಲ್ಲರದೂ ಸೇರಿ 1,920 ರೂಪಾಯಿ. ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ವಿದ್ಯಾರ್ಥಿಗಳಿಗೆ ಮೂರರಲ್ಲಿ ಎರಡು ಪಾಲು ರಿಯಾಯತಿ ಇರುವದರಿಂದ ಅವರು ಕೊಡುವದು 640. ಉಳಿದ 1,280 ರೂಪಾಯಿ ರಿಯಾಯತಿಯ ಲೆಕ್ಕ. ಇದನ್ನು ಸರಕಾರವು ಸಂಸ್ಥೆಗೆ ತುಂಬಿಕೊಡುತ್ತದೆಂದೂ, ಅದು ಆ ಬಸ್ಸಿನ ಹೆಸರಿಗೇ ಜಮೆಯಾಗುತ್ತದೆಂದೂ ಇಟ್ಟುಕೊಂಡರೆ, 1,000 ರೂಪಾಯಿ ಹಾನಿಯ ಬಸ್ಸು 280 ರೂಪಾಯಿ ಲಾಭದ ಬಸ್ಸಾಗುತ್ತದೆ! ಅದೇ ಹಣವು ಒಟ್ಟಾಗಿ ಸಂಸ್ಥೆಯ ತಿಜೋರಿಗೆ ಬಿದ್ದು, ಹಳ್ಳಿಯ ಬಸ್ಸಿನ ಕಾಗದದ ಮೇಲೆ ಬರೆಯಲ್ಪಡದೆ ಹೋದರೆ, ಯಾರಿಗಾಗಿ ಹಣ ಬಂದಿತೋ ಅವರ ಬಸ್ಸೇ ಮೊದಲು ನಿಲ್ಲುತ್ತದೆ. ಯಾರೂ ಕದಿಯಲಿಲ್ಲ, ಯಾರೂ ಕೆಡುಕು ಮಾಡಲಿಲ್ಲ. ಹಣವನ್ನು ಬರೆದ ಸಾಲು ತಪ್ಪಿತು, ಅಷ್ಟೇ.

ರಿಯಾಯತಿಗಳು ಹೆಚ್ಚಾದ ಈ ಕಾಲದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ 2022ರ ಅಗಸ್ಟದಿಂದ 75 ವರ್ಷ ಮೀರಿದವರಿಗೆ ಉಚಿತ ಪ್ರವಾಸ, 2023ರ ಮಾರ್ಚ 17ರಿಂದ ಮಹಿಳೆಯರಿಗೆ ಅರ್ಧ ದರ. ಗ್ರಾಮೀಣ ವಿದ್ಯಾರ್ಥಿನಿಯರಿಗೆ ಅಹಿಲ್ಯಾಬಾಯಿ ಹೋಳಕರರ ಹೆಸರಿನ ಉಚಿತ ಪಾಸಿನ ಯೋಜನೆ ಮೊದಲಿನಿಂದಲೂ ಉಂಟು. ಭೀಮೆಯ ಆಚೆಗೆ ಕರ್ನಾಟಕದಲ್ಲಿ 2023ರ ಜೂನ 11ರಿಂದ ಶಕ್ತಿ ಯೋಜನೆಯ ಮೇರೆಗೆ ಆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವೇ ಇಲ್ಲ. ಅಲ್ಲಿ ನಿರ್ವಾಹಕನು ಪ್ರತಿ ಮಹಿಳೆಗೂ ಶೂನ್ಯ ದರದ ಟಿಕೇಟು ಹರಿದುಕೊಡುತ್ತಾನೆ. ಆ ಟಿಕೇಟುಗಳ ಬೆಲೆಯನ್ನು ಕೂಡಿಸಿ ಸರಕಾರವು ಸಂಸ್ಥೆಗಳಿಗೆ ಹಣ ಕೊಡಬೇಕು. ಇದು ಹಣವನ್ನು ನಡೆದ ಕೆಲಸಕ್ಕೆ ಕಟ್ಟಿದ ಸ್ಪಷ್ಟ ಉದಾಹರಣೆಯೇ ಸರಿ. ಹತ್ತಿದವರೆಲ್ಲರ ಲೆಕ್ಕವೂ ಸಿಗುತ್ತದೆ. ಆದರೆ ನಿಲ್ದಾಣದಲ್ಲಿ ನಿಂತು, ಬಸ್ಸು ತುಂಬಿದೆಯೆಂದು ಹತ್ತಲಾರದೆ ಉಳಿದ ಹುಡುಗಿಗೆ ಯಾವ ಟಿಕೇಟೂ ಇಲ್ಲ. ಆದುದರಿಂದ ಅವಳು ಯಾವ ಲೆಕ್ಕದಲ್ಲಿಯೂ ಇಲ್ಲ.

ಲಂಡನ್ ಪಟ್ಟಣದಲ್ಲಿ ಈ ಉಳಿದವರನ್ನು ಲೆಕ್ಕಕ್ಕೆ ತರುವ ಉಪಾಯವೊಂದನ್ನು ಮಾಡಿದ್ದಾರೆ. ಅಲ್ಲಿ ಬಸ್ಸುಗಳನ್ನು ಖಾಸಗಿ ಕಂಪನಿಗಳು ಕರಾರಿನ ಮೇಲೆ ಓಡಿಸುತ್ತವೆ. ಸನ್ 2001ರಿಂದ ಬಂದ ಕರಾರುಗಳಲ್ಲಿ, ವೇಳಾಪತ್ರಿಕೆಯಂತೆ ಪ್ರವಾಸಿಯು ಎಷ್ಟು ಹೊತ್ತು ಕಾಯಬೇಕಾಗಿತ್ತೋ ಅದಕ್ಕಿಂತ ಎಷ್ಟು ಹೆಚ್ಚು ಕಾದನು ಎಂಬುದನ್ನು ಅಳೆದು, ಅದು ಕಡಿಮೆಯಾದರೆ ಬಹುಮಾನ, ಹೆಚ್ಚಿದರೆ ಕಡಿತ. ವಿರಳವಾಗಿ ಓಡುವ ಬಸ್ಸಾದರೆ ಹೊತ್ತಿಗೆ ಸರಿಯಾಗಿ ಹೊರಟಿತೇ ಎಂಬುದೇ ಅಳತೆ. ಇಲ್ಲಿ ಗಡಿಯಾರವು ಡಿಪೋದಲ್ಲಿಲ್ಲ, ಪ್ರವಾಸಿಯ ಕೈಯಲ್ಲಿದೆ. ನಮ್ಮ ಹಳ್ಳಿಗಳಿಗೆ ಮುಂಜಾನೆ ಒಂದು, ಸಂಜೆಗೆ ಒಂದು ಬಸ್ಸು. ನಮಗೆ ಈ ಅಳತೆ ಇನ್ನೂ ಹೆಚ್ಚು ಬೇಕು. ಲಂಡನ್ನಿನಲ್ಲಿ ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ನಮ್ಮಲ್ಲಿ ವಸ್ತಿ ಬಸ್ಸು ತಪ್ಪಿದರೆ ಆ ದಿನದ ಶಾಲೆಯೇ ತಪ್ಪಿತು.

ವಸ್ತಿ ಬಸ್ಸಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳುತ್ತೇನೆ. ಯಾವ ಊರು, ಯಾವ ಡಿಪೋ ಎಂಬುದರ ಅಗತ್ಯವಿಲ್ಲ. ಕೆಲವು ವರ್ಷಗಳ ಹಿಂದೆ ರಾತ್ರಿ ತಂಗಿ ಬೆಳಿಗ್ಗೆ ಹೊರಡುತ್ತಿದ್ದ ಬಸ್ಸೊಂದನ್ನು ಉತ್ಪನ್ನ ಸಾಲದೆಂದು ಒಂಬತ್ತು ಗಂಟೆಗೆ ಬರುವಂತೆ ಬದಲಿಸಿದರು. ಓಡುವ ಕಿಲೋಮೀಟರುಗಳು ಹೆಚ್ಚುಕಡಿಮೆ ಅವೇ ಉಳಿದವು. ಉತ್ಪನ್ನವೂ ಸ್ವಲ್ಪ ಏರಿರಬೇಕು. ಆ ಊರಿನಿಂದ ಬರುತ್ತಿದ್ದ ಹುಡುಗರು ಸೈಕಲ್ಲು ಹಿಡಿದರು, ಮೋಟಾರುಸೈಕಲ್ಲಿನವರ ಬೆನ್ನು ಹತ್ತಿದರು. ಹುಡುಗಿಯರಲ್ಲಿ ಇಬ್ಬರು ಹತ್ತನೆಯ ಇಯತ್ತೆಗೆ ಬರಲಿಲ್ಲ. ನಾನು ಮನೆಗೆ ಹೋಗಿ ಕೇಳಿದಾಗ ಒಬ್ಬಳ ಅಜ್ಜಿಯು, "ಬಸ್ಸಿದ್ರ ಕಳಸ್ತಿದ್ವಿ ಸರ್" ಎಂದಷ್ಟೇ ಹೇಳಿದಳು. ನನ್ನ ಹಾಜರಿಪಟದಲ್ಲಿ ಅದು ಎರಡು ಹೆಸರುಗಳ ಮೇಲೆ ಎಳೆದ ಕೆಂಪುಗೆರೆ. ಸಾರಿಗೆಯ ಯಾವ ತಖ್ತೆಯಲ್ಲಿಯೂ ಅದಕ್ಕೆ ಅಂಕಣವಿರಲಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ ಎಂಬುದಕ್ಕೆ ವಿದ್ವಾಂಸರ ಸಂಶೋಧನೆಗಳೂ ಸಾಕ್ಷಿಯಾಗಿವೆ. ಗ್ರಾಮಸಡಕ ಯೋಜನೆಯ ರಸ್ತೆಗಳು ಬಂದ ಹಳ್ಳಿಗಳನ್ನು ದೇಶದಾದ್ಯಂತ ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಸ್ತೆಯ ತರುವಾಯ ಆರರಿಂದ ಎಂಟನೆಯ ವರ್ಗಗಳ ಪಟಸಂಖ್ಯೆಯು ಸುಮಾರು ಶೇಕಡಾ 7ರಷ್ಟು ಏರಿತೆಂದು ತೋರಿಸಿತು. ಬಿಹಾರ ಸರಕಾರವು 2006ರಿಂದ ಒಂಬತ್ತನೆಯ ವರ್ಗಕ್ಕೆ ಸೇರಿದ ಹುಡುಗಿಯರಿಗೆ ಸೈಕಲ್ಲಿನ ಹಣವನ್ನು ಕೊಟ್ಟಿತು. ಅಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಸುಮಾರು ಶೇಕಡಾ 32ರಷ್ಟು ಹೆಚ್ಚಿತೆಂದೂ, ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಇದರ ಪರಿಣಾಮ ಹೆಚ್ಚಾಗಿತ್ತೆಂದೂ 2017ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಸರಕಾರಕ್ಕೂ ಈ ಅರಿವು ಬಂದಂತಿದೆ: 2019ರಲ್ಲಿ ಒಪ್ಪಿಗೆಯಾದ ಗ್ರಾಮಸಡಕ ಯೋಜನೆಯ ಮೂರನೆಯ ಹಂತದಲ್ಲಿ 1,25,000 ಕಿಲೋಮೀಟರು ರಸ್ತೆಯನ್ನು ಆರಿಸುವಾಗ ಸಂತೆ, ದವಾಖಾನೆಗಳೊಡನೆ ಪ್ರೌಢಶಾಲೆಯನ್ನು ಮುಟ್ಟುವ ದಾರಿಗೂ ಗುಣಗಳನ್ನು ಇಟ್ಟರು.

ಹೀಗೆಂದು ಫಲಕ್ಕೆ ಹಣ ಕಟ್ಟುವ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳುವವನು ನಾನಲ್ಲ. ಬಿ.ಟಿ. ಪರೀಕ್ಷೆಗೆ ಶಿಕ್ಷಣದ ಇತಿಹಾಸವನ್ನು ಓದಿದವರಿಗೆ ಒಂದು ಹಳೆಯ ಕಥೆ ನೆನಪಿರುತ್ತದೆ. ಇಂಗ್ಲೆಂಡಿನಲ್ಲಿ 1862ರಿಂದ ಪ್ರಾಥಮಿಕ ಶಾಲೆಗಳ ಅನುದಾನವನ್ನು ಓದು, ಬರಹ, ಲೆಕ್ಕ ಈ ಮೂರರಲ್ಲಿ ಪಾಸಾದ ಮಕ್ಕಳ ಎಣಿಕೆಗೆ ಕಟ್ಟಿದರು. ನಮ್ಮ ಮುಂಬಯಿ ಇಲಾಖೆಯಲ್ಲಿಯೂ ಅಂಥ ಅನುದಾನ ಬಂದಿತು. ಶಿಕ್ಷಕರು ಏನು ಮಾಡಿದರು? ಪರೀಕ್ಷಕನು ಕೇಳುವ ಪುಸ್ತಕವನ್ನೇ ಮಕ್ಕಳಿಂದ ಬಾಯಿಪಾಠ ಮಾಡಿಸಿದರು. ಭೂಗೋಲ, ಇತಿಹಾಸಗಳು ಮೂಲೆಗುಂಪಾದವು. ಕೊನೆಗೆ 1890ರ ದಶಕದಲ್ಲಿ ಇಂಗ್ಲೆಂಡು ಅದನ್ನು ಕೈಬಿಟ್ಟಿತು. ದೂರದ ಮಾತೇಕೆ? ಹತ್ತನೆಯ ಇಯತ್ತೆಯ ಫಲಿತಾಂಶದ ಶೇಕಡಾ ಪ್ರಮಾಣದ ಮೇಲೆಯೇ ಶಾಲೆಗಳನ್ನು ತೂಗುವ ಇಂದಿನ ದಿನಗಳಲ್ಲಿ, ಮಂದಬುದ್ಧಿಯೆನಿಸಿದ ಹುಡುಗನನ್ನು ಪರೀಕ್ಷೆಗೆ ಕೂಡಿಸದಿರುವ ಆಸೆ ಮುಖ್ಯೋಪಾಧ್ಯಾಯನ ಮನಸ್ಸಿನಲ್ಲಿ ಎಂದೂ ಸುಳಿಯುವದಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಅಳತೆಯು ಒಂದೇ ಆದರೆ ಅಳೆಯಲ್ಪಡುವವನು ಅದನ್ನೇ ಕಾಯುತ್ತಾನೆ, ಉಳಿದುದನ್ನು ಬಿಡುತ್ತಾನೆ. ಡಿಪೋದವನೂ ನಮ್ಮಂಥ ಮನುಷ್ಯನೇ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಹತ್ತನೆಯದನ್ನು ಮುಗಿಸಿದ ನಮ್ಮ ಮಕ್ಕಳಲ್ಲಿ ಹಲವರು ಮುಂದಿನ ಕಲಿಕೆಗೆ ಭೀಮೆಯನ್ನು ದಾಟಿ ಇಂಡಿಗೋ ವಿಜಯಪುರಕ್ಕೋ ಹೋಗಬಯಸುತ್ತಾರೆ. ಒಂದು ರಾಜ್ಯದ ಬಸ್ಸು ಇನ್ನೊಂದರಲ್ಲಿ ಓಡಬೇಕಾದರೆ 1988ರ ಮೋಟಾರುವಾಹನ ಕಾಯಿದೆಯ 88ನೆಯ ಕಲಮಿನ ಮೇರೆಗೆ ಎರಡೂ ಸರಕಾರಗಳು ಕರಾರು ಮಾಡಿಕೊಳ್ಳಬೇಕು. ಯಾವ ದಾರಿ, ಎಷ್ಟು ಸರತಿ, ಯಾರ ಬಸ್ಸು ಎಷ್ಟು ಕಿಲೋಮೀಟರು ಎಂಬುದೆಲ್ಲ ಅದರಲ್ಲಿ ಗೊತ್ತಾಗುತ್ತದೆ. ಅಲ್ಲಿಯೂ ಸಮನಾಗಿಸುವದು ಕಿಲೋಮೀಟರುಗಳನ್ನು. ಶಕ್ತಿ ಯೋಜನೆಯು ಕರ್ನಾಟಕದ ನಿವಾಸಿಗಳಿಗೆ, ಮಹಾರಾಷ್ಟ್ರದ ಅರ್ಧ ದರವು ಮಹಾರಾಷ್ಟ್ರದ ಗಡಿಯ ವರೆಗೆ. ಎರಡು ಮುಂಗಡಪತ್ರಗಳು ನದಿಯ ಎರಡು ದಂಡೆಗಳಲ್ಲಿ ನಿಂತಿವೆ. ವಿದ್ಯಾರ್ಥಿನಿಯ ದಾರಿ ಮಾತ್ರ ಒಂದೇ. ಅವಳು ಕಾಲೇಜನ್ನು ಮುಟ್ಟಿದಳೆಂಬ ಫಲವನ್ನು ಯಾವ ಸರಕಾರವು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು?

ಈ ವರ್ಷ ಜೂನದಿಂದ ಎಂಟು ಮತ್ತು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಂದ ಒಂದು ವಹಿಯನ್ನು ಇಡಿಸಬೇಕೆಂದು ನಿಶ್ಚಯಿಸಿದ್ದೇವೆ. ಪ್ರತಿಯೊಂದು ಊರಿನ ನಿಲ್ದಾಣಕ್ಕೆ ಒಂದು ವಹಿ. ಅದರಲ್ಲಿ ಐದು ಅಂಕಣಗಳು: ತಾರೀಖು, ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಹತ್ತಿದ ವಿದ್ಯಾರ್ಥಿಗಳು, ಹತ್ತಲಾರದೆ ಉಳಿದ ವಿದ್ಯಾರ್ಥಿಗಳು. ಬೈಗುಳ ಬರೆಯಕೂಡದು, ನಿರ್ವಾಹಕರ ಹೆಸರು ಬರೆಯಕೂಡದು, ಬಸ್ಸು ಸರಿಯಾಗಿ ಬಂದ ದಿನವನ್ನೂ ತಪ್ಪದೆ ಬರೆಯತಕ್ಕದ್ದು. ತಿಂಗಳ ಕೊನೆಗೆ ಗಣಿತದ ತಾಸಿನಲ್ಲಿ ಸರಾಸರಿಯನ್ನು ತೆಗೆಯುವದು. ದೀಪಾವಳಿಯ ಸೂಟಿಗೆ ಮುಂಚೆ ಅದರ ಒಂದು ಪ್ರತಿಯನ್ನು ಗ್ರಾಮಸಭೆಗೆ, ಒಂದನ್ನು ಪಂಚಾಯತಿ ಸಮಿತಿಗೆ, ಒಂದನ್ನು ಬಸ್ಸಿನ ಡಿಪೋಕ್ಕೆ ಕಳಿಸಲಾಗುವದು. ಗಡಿಯಾರವಿಲ್ಲದ ಮಕ್ಕಳಿಗೆ ಪಾಲಕರು ತಮ್ಮದನ್ನು ಬೆಳಗಿನ ಒಂದು ತಾಸು ಕೊಡಬೇಕಾಗಿ ವಿನಂತಿ. ವಹಿಗಳು ಕಚೇರಿಯಲ್ಲಿ ಸಿಪಾಯಿಯ ಹತ್ತಿರ ಇವೆ; ಹಿಂದಿನ ಬಾಕಿನ ಆ ಹುಡುಗನು ತನ್ನ ಊರಿನದನ್ನು ಈಗಾಗಲೇ ಒಯ್ದಿದ್ದಾನೆ.